ದುಡಿದ ಕೈಗಳಿಗೆ ಒಂದೇ ಅಳತೆ: ಸೆನೆಗಲ್‌ನ ಲಾಮಿನ್ ಗೇಯ್

ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಪಿಂಚಣಿಯ ಪರಿಚಯವಿಲ್ಲದ ಮನೆ ವಿರಳ. ಅಜ್ಜನೋ ಅಜ್ಜಿಯೋ ಶಾಲೆಯಲ್ಲಿ ಪಾಠ ಹೇಳಿ, ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ ಮಾಡಿ, ರೈಲ್ವೆಯಲ್ಲಿ ಇಲ್ಲವೇ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ತಿಂಗಳ ಆರಂಭದಲ್ಲಿ ಬ್ಯಾಂಕಿನ ಪಾಸ್‌ಬುಕ್ಕು ಕೈಯಲ್ಲಿ ಹಿಡಿದ ಹಿರಿಯರ ಮುಖದಲ್ಲಿ ಒಂದು ಬಗೆಯ ಗಾಂಭೀರ್ಯವನ್ನು ನಾವೆಲ್ಲರೂ ಕಂಡಿದ್ದೇವೆ. ಅದು ದಾನ ಪಡೆದವರ ಮುಖವಲ್ಲ. ಸಲ್ಲಬೇಕಾದುದನ್ನು ಪಡೆದವರ ಮುಖ. ಪಿಂಚಣಿಯೆಂದರೆ ಕಳೆದ ವರ್ಷಗಳ ದುಡಿಮೆಗೆ ಸರಕಾರ ಕೊನೆಯವರೆಗೂ ಸಲ್ಲಿಸುವ ಗೌರವ.

ಈಗ ಒಂದು ಕ್ಷಣ ಹೀಗೆ ಯೋಚಿಸೋಣ. ಒಂದೇ ಸರಕಾರದ ಒಂದೇ ಇಲಾಖೆಯಲ್ಲಿ ಇಬ್ಬರು ಮೂವತ್ತು ವರ್ಷ ಅಕ್ಕಪಕ್ಕದ ಮೇಜುಗಳಲ್ಲಿ ಕುಳಿತು ದುಡಿದಿದ್ದಾರೆ. ನಿವೃತ್ತಿಯ ದಿನ ಒಬ್ಬರ ಕೈಗೆ ನೆಮ್ಮದಿಯ ಬದುಕಿಗೆ ಸಾಲುವಷ್ಟು ಪಿಂಚಣಿ, ಇನ್ನೊಬ್ಬರ ಕೈಗೆ ಅದರ ಚಿಕ್ಕದೊಂದು ಪಾಲು. ಕಾರಣ ಕೆಲಸದಲ್ಲಿನ ಲೋಪವಲ್ಲ, ಚರ್ಮದ ಬಣ್ಣ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಆಫ್ರಿಕದ ಫ್ರೆಂಚ್ ವಸಾಹತುಗಳಲ್ಲಿ ಇಂತಹ ಅಂತರ ದಿನನಿತ್ಯದ ಸಂಗತಿಯಾಗಿತ್ತು. ಜನಾಂಗವನ್ನು ಆಧಾರವಾಗಿಟ್ಟುಕೊಂಡು ಸಂಬಳವನ್ನಾಗಲಿ ಪಿಂಚಣಿಯನ್ನಾಗಲಿ ನಿರ್ಧರಿಸಕೂಡದೆಂದು ಫ್ರಾನ್ಸಿನ ಸಂಸತ್ತಿನಿಂದಲೇ ಶಾಸನ ಮಾಡಿಸಿದವರು ಸೆನೆಗಲ್‌ನ ಲಾಮಿನ್ ಗೇಯ್. ಅವರ ಜೀವನವನ್ನು ಈ ವಾರ ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲಾಮಿನ್ ಗೇಯ್ 1891ರ ಸೆಪ್ಟೆಂಬರ್ 20ರಂದು ಅಂದಿನ ಫ್ರೆಂಚ್ ಸುಡಾನಿನ, ಅಂದರೆ ಇಂದಿನ ಮಾಲಿ ದೇಶದ, ಮೆದೀನ್ ಎಂಬ ಊರಿನಲ್ಲಿ ಜನಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಕಾರ್ಮಿಕರ ನ್ಯಾಯವಾದ ಕೂಲಿಯ ಕುರಿತು ರೇರುಮ್ ನೊವಾರುಮ್ ಎಂಬ ವಿಶ್ವಪತ್ರವನ್ನು ಹೊರಡಿಸಿದ್ದರು. ಗೇಯ್ ಅವರದು ಮುಸ್ಲಿಂ ಕುಟುಂಬ. ಈ ಎರಡು ಘಟನೆಗಳಿಗೆ ನೇರ ಸಂಬಂಧವೇನೂ ಇಲ್ಲ. ಆದರೂ ದುಡಿಮೆಗೆ ತಕ್ಕ ಪ್ರತಿಫಲವೆಂಬ ಒಂದೇ ಪ್ರಶ್ನೆ ಅಂದು ಜಗತ್ತಿನ ಹಲವು ಕಡೆ ಮೊಳೆಯುತ್ತಿತ್ತೆಂಬುದನ್ನು ನೆನೆಯುವುದು ಉಚಿತ.

ಅವರ ಮನೆತನ ಸೆನೆಗಲ್‌ನ ಸೇಂಟ್ ಲೂಯಿ ಪಟ್ಟಣದ್ದು. ಇದು ಅವರ ಬದುಕನ್ನು ರೂಪಿಸಿದ ಸಂಗತಿ. ಸೇಂಟ್ ಲೂಯಿ, ಗೊರೆ, ಡಾಕಾರ್ ಮತ್ತು ರುಫಿಸ್ಕ್ ಎಂಬ ನಾಲ್ಕು ಪಟ್ಟಣಗಳ ಮೂಲನಿವಾಸಿಗಳಿಗೆ ಮಾತ್ರ ಮತದಾನದ ಹಕ್ಕಿತ್ತು. ಪ್ಯಾರಿಸಿನ ಸಂಸತ್ತಿಗೆ ತಮ್ಮ ಪ್ರತಿನಿಧಿಯನ್ನು ಕಳುಹಿಸುವ ಅವಕಾಶವಿತ್ತು. 1914ರಲ್ಲಿ ಗೊರೆ ದ್ವೀಪದ ಬ್ಲೇಸ್ ದಿಯಾನ್ ಆ ಸ್ಥಾನಕ್ಕೆ ಆಯ್ಕೆಯಾದ ಮೊದಲ ಕಪ್ಪು ಆಫ್ರಿಕನ್ ಎನಿಸಿದರು. ಈ ಪಟ್ಟಣಗಳ ಗಡಿ ದಾಟಿದೊಡನೆ ಬೇರೆಯದೇ ಲೋಕ. ಅಲ್ಲಿನ ಆಫ್ರಿಕನ್ನರು ಪ್ರಜೆಗಳೇ ಹೊರತು ನಾಗರಿಕರಲ್ಲ. ನ್ಯಾಯಾಲಯದ ವಿಚಾರಣೆಯಿಲ್ಲದೆ ಆಡಳಿತಾಧಿಕಾರಿಯೇ ಅವರನ್ನು ಸೆರೆಗೆ ತಳ್ಳಬಹುದಿತ್ತು. ಬಿಟ್ಟಿ ಚಾಕರಿಗೆ ಎಳೆದೊಯ್ಯಬಹುದಿತ್ತು.

ಗೇಯ್ ಮೊದಲು ಶಾಲಾ ಉಪಾಧ್ಯಾಯರಾದರು. ಮುಂದೆ ಫ್ರಾನ್ಸಿಗೆ ಹೋಗಿ ಕಾನೂನು ಅಭ್ಯಸಿಸಿ, 1921ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಅವರ ಪ್ರಬಂಧದ ವಿಷಯ ಈ ನಾಲ್ಕು ಪಟ್ಟಣಗಳ ಜನರ ರಾಜಕೀಯ ಸ್ಥಾನಮಾನವೇ ಆಗಿತ್ತು. ತಾಯ್ನಾಡಿಗೆ ಮರಳಿ ವಕೀಲಿ ವೃತ್ತಿ ಆರಂಭಿಸಿ, 1925ರಲ್ಲಿ ಸೇಂಟ್ ಲೂಯಿಯ ಮೇಯರ್ ಆದರು. ಕೆಲಕಾಲ ಹಿಂದೂ ಮಹಾಸಾಗರದ ರೆಯುನಿಯನ್ ದ್ವೀಪದಲ್ಲಿ ನ್ಯಾಯಾಧೀಶರಾಗಿಯೂ ಸೇವೆ ಸಲ್ಲಿಸಿದರು. 1934ರಲ್ಲಿ ದಿಯಾನ್ ನಿಧನರಾದಾಗ ತೆರವಾದ ಸ್ಥಾನಕ್ಕೆ ಸ್ಪರ್ಧಿಸಿ ಸೋತರು. 1936ರಲ್ಲಿ ಮತ್ತೆ ಸ್ಪರ್ಧಿಸಿ ಮತ್ತೆ ಸೋತರು. ಆದರೆ ಕೈಚೆಲ್ಲಿ ಕುಳಿತವರಲ್ಲ.

ತಿಯಾರೋಯ್‌ನ ಸೈನಿಕರ ಪರವಾಗಿ

ದ್ವಿತೀಯ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿ, ಜರ್ಮನರ ಸೆರೆಯಲ್ಲಿ ವರ್ಷಗಟ್ಟಲೆ ಬಳಲಿದ ಪಶ್ಚಿಮ ಆಫ್ರಿಕದ ಸೈನಿಕರನ್ನು 1944ರ ನವೆಂಬರಿನಲ್ಲಿ ಡಾಕಾರ್ ಬಳಿಯ ತಿಯಾರೋಯ್ ಶಿಬಿರಕ್ಕೆ ಕರೆತರಲಾಯಿತು. ತಮಗೆ ಬರಬೇಕಾದ ಬಾಕಿ ಸಂಬಳವನ್ನು ಅವರು ಕೇಳಿದರು. ಡಿಸೆಂಬರ್ 1ರ ಬೆಳಿಗ್ಗೆ ಅವರಿಗೆ ಸಿಕ್ಕಿದ್ದು ಗುಂಡೇಟು. ಅಧಿಕಾರಿಗಳು ಒಪ್ಪಿಕೊಂಡ ಸಾವಿನ ಸಂಖ್ಯೆ 35. ನಿಜವಾಗಿ ಸತ್ತವರು ಇದಕ್ಕಿಂತ ಬಹಳ ಹೆಚ್ಚೆಂದು ಹಲವು ಇತಿಹಾಸಕಾರರು ವಾದಿಸುತ್ತಾರೆ. ಇಷ್ಟು ಸಾಲದೆಂಬಂತೆ ಬದುಕುಳಿದವರಲ್ಲಿ 34 ಮಂದಿಯ ಮೇಲೆ ದಂಗೆಯ ಆರೋಪ ಹೊರಿಸಿ 1945ರಲ್ಲಿ ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಲಾಯಿತು. ಅವರ ಪರವಾಗಿ ವಾದಿಸಿದ ವಕೀಲರು ಲಾಮಿನ್ ಗೇಯ್. ಅವರ ವಾದ ಆ ನ್ಯಾಯಾಲಯದಲ್ಲಿ ಗೆಲ್ಲಲಿಲ್ಲ. ಸೈನಿಕರಿಗೆ ಶಿಕ್ಷೆಯಾಯಿತು, ಕೆಲವು ವರ್ಷಗಳ ಬಳಿಕವಷ್ಟೇ ಕ್ಷಮಾದಾನ ದೊರೆಯಿತು. ಅಂದು ನಡೆದದ್ದು ಹತ್ಯಾಕಾಂಡವೆಂದು ಫ್ರಾನ್ಸಿನ ಅಧ್ಯಕ್ಷರು ಲಿಖಿತವಾಗಿ ಒಪ್ಪಿಕೊಂಡದ್ದು ಎಂಬತ್ತು ವರ್ಷಗಳ ನಂತರ, 2024ರ ನವೆಂಬರಿನಲ್ಲಿ.

ಸಲ್ಲಬೇಕಾದ ಹಣ ಕೇಳಿದ ದುಡಿಮೆಗಾರನನ್ನು ದಂಗೆಕೋರನೆಂದು ಕರೆಯುವ ವ್ಯವಸ್ಥೆಯನ್ನು ಅವರು ಹೀಗೆ ಅತ್ಯಂತ ಹತ್ತಿರದಿಂದ ಕಂಡರು.

ಅದೇ 1945ರಲ್ಲಿ ಇನ್ನೊಂದು ಹೋರಾಟವೂ ನಡೆಯಿತು. ಪಶ್ಚಿಮ ಆಫ್ರಿಕದಲ್ಲಿ ಮತದಾನದ ಹಕ್ಕನ್ನು ಯೂರೋಪಿಯನ್ ಮಹಿಳೆಯರಿಗೆ ಮಾತ್ರ ನೀಡಿ, ನಾಲ್ಕು ಪಟ್ಟಣಗಳ ಆಫ್ರಿಕನ್ ಮಹಿಳೆಯರನ್ನು ಸರಕಾರ ಕೈಬಿಟ್ಟಿತ್ತು. ಇದರ ವಿರುದ್ಧ ಎದ್ದ ಪ್ರತಿಭಟನೆಯಲ್ಲಿ ಗೇಯ್ ಮುಂಚೂಣಿಯಲ್ಲಿದ್ದರು. ಜೂನ್ ತಿಂಗಳಲ್ಲಿ ಸರಕಾರ ಮಣಿಯಿತು. ಆ ವರ್ಷವೇ ಅವರು ಡಾಕಾರ್‌ನ ಮೇಯರ್ ಆದರು, ಫ್ರಾನ್ಸಿನ ಸಂವಿಧಾನ ಸಭೆಗೂ ಆಯ್ಕೆಯಾದರು.

ನಾಗರಿಕತ್ವದ ಶಾಸನ

ಸಂವಿಧಾನ ಸಭೆಗೆ ಹೋಗುವಾಗ ಗೇಯ್ ತಮ್ಮೊಡನೆ ಒಬ್ಬ ಯುವಕರನ್ನೂ ಕರೆದೊಯ್ದರು. ಅವರೇ ಮುಂದೆ ಸೆನೆಗಲ್‌ನ ಪ್ರಥಮ ಅಧ್ಯಕ್ಷರಾದ ಕವಿ ಲೆಯೊಪೋಲ್ಡ್ ಸೆಂಗೋರ್. ಸೆಂಗೋರ್ ಕಥೋಲಿಕರು; ಗುರುಗಳಾಗುವ ಹಂಬಲದಿಂದ ಎಳೆಯ ಪ್ರಾಯದಲ್ಲಿ ಡಾಕಾರ್‌ನ ಗುರುಮಠ ಸೇರಿದ್ದವರು. ಬಹುಪಾಲು ಮುಸ್ಲಿಮರೇ ಇರುವ ನಾಡಿನಲ್ಲಿ ಒಬ್ಬ ಮುಸ್ಲಿಂ ಹಿರಿಯರು ಕಥೋಲಿಕ ಯುವಕನ ಕೈಹಿಡಿದು ರಾಜಕೀಯಕ್ಕೆ ತಂದರು, ಮತದಾರರು ಇಬ್ಬರನ್ನೂ ಆರಿಸಿ ಕಳುಹಿಸಿದರು ಎಂಬುದು ನಾವು ಗಮನಿಸಬೇಕಾದ ಸಂಗತಿ.

1946ರ ಮೇ 7ರಂದು ಸಭೆಯು ಗೇಯ್ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಶಾಸನವನ್ನು ಅಂಗೀಕರಿಸಿತು. ಅದಕ್ಕಿದ್ದದ್ದು ಒಂದೇ ಒಂದು ವಿಧಿ. ಆ ವರ್ಷದ ಜೂನ್ 1ರಿಂದ ಫ್ರಾನ್ಸಿನ ಸಾಗರೋತ್ತರ ಪ್ರದೇಶಗಳ ಸಮಸ್ತ ಜನರೂ ನಾಗರಿಕರೆಂದು ಅದು ಸಾರಿತು. ಬಿಟ್ಟಿ ಚಾಕರಿಯನ್ನು ಹುಫುವೆ ಬ್ವಾನಿ ಅವರ ಹೆಸರಿನ ಶಾಸನವು ಅದೇ ಏಪ್ರಿಲಿನಲ್ಲಿ ರದ್ದುಪಡಿಸಿತ್ತು.

ಈ ಶಾಸನದ ಬೆಳಕು ನಮ್ಮ ನೆರೆಗೂ ಬಿತ್ತು. ಸಂತ ತೆರೇಸಾರ ಹಬ್ಬಕ್ಕೆಂದು ಅಕ್ಟೋಬರಿನಲ್ಲಿ ಯಾತ್ರಿಕರು ಹೋಗುವ ಮಾಹೆ ಅಂದು ಪಾಂಡಿಚೇರಿ, ಕಾರೈಕಲ್, ಯಾನಂಗಳಂತೆ ಫ್ರೆಂಚರ ಕೈಯಲ್ಲಿತ್ತು. ಆ ಊರುಗಳ ಜನರೂ ಇದೇ ಶಾಸನದಿಂದ ನಾಗರಿಕರೆನಿಸಿದರು. ಫ್ರೆಂಚ್ ಸರಕಾರದ ಪಿಂಚಣಿ ಪಡೆಯುವ ಕುಟುಂಬಗಳು ಪಾಂಡಿಚೇರಿಯಲ್ಲಿ ಇಂದಿಗೂ ಇವೆ ಎಂಬುದನ್ನು ಅಲ್ಲಿಗೆ ಹೋಗಿಬಂದವರು ಬಲ್ಲರು.

ನಾಗರಿಕರೆಲ್ಲ ಸಮಾನರಾದರೆ, ಸರಕಾರಿ ಕಚೇರಿಯೊಳಗಿನ ಅಸಮಾನತೆಗೆ ಇನ್ನೆಲ್ಲಿಯ ಸಮರ್ಥನೆ? ಆಫ್ರಿಕದ ನೌಕರರು ಈ ಪ್ರಶ್ನೆಯನ್ನು ಆಗಲೇ ಎತ್ತಿಯಾಗಿತ್ತು.

ಕಚೇರಿಯೊಳಗಿನ ಬೇಲಿ

ಅಂದಿನ ಏರ್ಪಾಡು ಹೇಗಿತ್ತೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯೋಣ. ವಸಾಹತು ನೌಕರರನ್ನು ಹಲವು ಶ್ರೇಣಿಗಳಾಗಿ ವಿಂಗಡಿಸಲಾಗಿತ್ತು. ಮೇಲಿನ ಶ್ರೇಣಿ ಬಹುಮಟ್ಟಿಗೆ ಯೂರೋಪಿಯನ್ನರದು. ಕೆಳಗಿನ ಸ್ಥಳೀಯ ಶ್ರೇಣಿ ಆಫ್ರಿಕನ್ನರದು. ಸ್ಥಳೀಯ ಶ್ರೇಣಿಗೂ ಸೇರದೆ ಸಹಾಯಕರೆಂಬ ಹೆಸರಿನಲ್ಲಿ ವರ್ಷಗಟ್ಟಲೆ ದುಡಿಯುವವರ ಸಂಖ್ಯೆ ಅದಕ್ಕಿಂತಲೂ ದೊಡ್ಡದು. ರೈಲ್ವೆಯಲ್ಲಂತೂ ಹೆಚ್ಚಿನವರು ಇವರೇ. ಮೇಲಿನ ಶ್ರೇಣಿಯವರಿಗೆ ಸಂಬಳದ ಮೇಲೆ ವಸಾಹತು ಭತ್ಯ, ಕುಟುಂಬ ಭತ್ಯ, ತಾಯ್ನಾಡಿಗೆ ಹೋಗಿಬರಲು ದೀರ್ಘ ರಜೆ. ಕೆಳಗಿನವರಿಗೆ ಇವುಗಳಲ್ಲಿ ಅಲ್ಪಸ್ವಲ್ಪ, ಸಹಾಯಕರಿಗೆ ಏನೂ ಇಲ್ಲ. ಆಫ್ರಿಕನ್ನರ ಅಗತ್ಯಗಳೇ ಕಡಿಮೆ, ಅವರಿಗೆ ಹಳ್ಳಿಯಲ್ಲಿ ನೆಲವಿದೆ, ಬಂಧುಬಳಗವಿದೆ, ವೃದ್ಧಾಪ್ಯದಲ್ಲಿ ಅದೇ ಆಧಾರ ಎಂಬುದು ಆಳುವವರು ಕೊಡುತ್ತಿದ್ದ ಕಾರಣ.

ಈ ಅನ್ಯಾಯದ ಕೊನೆಯ ಮೆಟ್ಟಿಲೇ ಪಿಂಚಣಿ. ನಿವೃತ್ತಿ ವೇತನವನ್ನು ಲೆಕ್ಕ ಹಾಕುವುದು ಸಂಬಳದ ಮೇಲೆ ಹಾಗೂ ಖಾಯಂ ಸೇವೆಯ ವರ್ಷಗಳ ಮೇಲೆ. ಸಂಬಳ ಕಡಿಮೆಯಾದರೆ ಪಿಂಚಣಿಯೂ ಕಡಿಮೆ. ಖಾಯಂ ಆಗದಿದ್ದರೆ ಪಿಂಚಣಿಯೇ ಇಲ್ಲ. ಹೀಗೆ ಕೆಲಸಕ್ಕೆ ಸೇರಿದ ದಿನ ಮಾಡಿದ ಭೇದ ಮನುಷ್ಯನನ್ನು ಸಾಯುವ ದಿನದವರೆಗೂ ಹಿಂಬಾಲಿಸುತ್ತಿತ್ತು.

1946ರ ಜನವರಿಯಲ್ಲಿ ಡಾಕಾರ್‌ನಲ್ಲಿ ಸಾರ್ವತ್ರಿಕ ಮುಷ್ಕರ ನಡೆಯಿತು. ಬಂದರಿನ ಕೂಲಿಗಳಿಂದ ಹಿಡಿದು ಸರಕಾರಿ ಗುಮಾಸ್ತರವರೆಗೆ ಎಲ್ಲರೂ ಕೆಲಸ ನಿಲ್ಲಿಸಿದರು. ಸಮಾನ ಕೆಲಸಕ್ಕೆ ಸಮಾನ ವೇತನ, ಸಮಾನ ಕುಟುಂಬ ಭತ್ಯ ಅವರ ಬೇಡಿಕೆ. 1947ರ ಅಕ್ಟೋಬರ್ 10ರಿಂದ 1948ರ ಮಾರ್ಚ್ 19ರವರೆಗೆ ರೈಲ್ವೆ ನೌಕರರು ಐದು ತಿಂಗಳಿಗೂ ಮಿಕ್ಕಿ ಮುಷ್ಕರ ಹೂಡಿದರು. ಆಫ್ರಿಕನ್ನರನ್ನೂ ಯೂರೋಪಿಯನ್ನರನ್ನೂ ಒಂದೇ ಶ್ರೇಣಿಯಲ್ಲಿ ಸೇರಿಸಬೇಕೆಂಬುದು ಅವರ ಹಟ. ಉಸ್ಮಾನ್ ಸೆಂಬೆನ್ ಎಂಬ ಪ್ರಸಿದ್ಧ ಲೇಖಕರು ಈ ಮುಷ್ಕರದ ಕಾಲದ ಹಸಿವು, ಹೆಂಗಸರ ಧೈರ್ಯಗಳನ್ನು 1960ರಲ್ಲಿ ಕಾದಂಬರಿಯಾಗಿ ಬರೆದಿದ್ದಾರೆ.

1950ರ ಶಾಸನ

ಬೀದಿಯಲ್ಲಿ ಎದ್ದ ಈ ಕೂಗನ್ನು ಶಾಸನದ ಭಾಷೆಗೆ ತಂದವರು ಗೇಯ್. 1950ರ ಜೂನ್ 30ರಂದು ಜಾರಿಗೆ ಬಂದ ಈ ಶಾಸನಕ್ಕೆ ಲಾಮಿನ್ ಗೇಯ್ ಅವರ ಎರಡನೆಯ ಶಾಸನವೆಂದೇ ಹೆಸರು. ಸಾಗರೋತ್ತರ ಸಚಿವಾಲಯದ ಅಧೀನದ ನಾಗರಿಕ ಹಾಗೂ ಸೈನಿಕ ನೌಕರರ ನೇಮಕಾತಿ, ಸಂಬಳ, ಭತ್ಯ, ರಜೆ ಮತ್ತು ನಿವೃತ್ತಿ ಇವೆಲ್ಲ ಅದರ ವ್ಯಾಪ್ತಿಗೆ ಬಂದವು. ಜನಾಂಗ, ವೈಯಕ್ತಿಕ ಕಾನೂನು, ಹುಟ್ಟು, ನೇಮಕವಾದ ಸ್ಥಳ ಇವುಗಳಲ್ಲಿ ಯಾವುದನ್ನೂ ಸಂಬಳ ಸವಲತ್ತುಗಳ ಆಧಾರವಾಗಿ ಬಳಸಕೂಡದೆಂದು ಅದು ವಿಧಿಸಿತು.

ಆ ಶಾಸನದಲ್ಲಿ ವಕೀಲರಾಗಿ ಗೇಯ್ ಅವರ ಜಾಣ್ಮೆಯೂ ಕಾಣುತ್ತದೆ. ಮನೆಯಿಂದ ದೂರ ಬಂದು ದುಡಿಯುವವರಿಗೆ ಹೆಚ್ಚಿನ ಭತ್ಯ ಬೇಕೆಂಬ ಯೂರೋಪಿಯನ್ನರ ವಾದವನ್ನು ಅದು ತಳ್ಳಿಹಾಕಲಿಲ್ಲ. ಆದರೆ ತನ್ನ ನಾಡನ್ನು ಬಿಟ್ಟು ಬೇರೆಡೆ ಸೇವೆಗೆ ಹೋಗುವ ಯಾವ ನೌಕರನಿಗೂ ಆ ಭತ್ಯ ಸಲ್ಲಬೇಕೆಂದಿತು. ದೂರಕ್ಕೆ ಬೆಲೆ ಕಟ್ಟಬಹುದು, ಬಣ್ಣಕ್ಕೆ ಕಟ್ಟಕೂಡದು. ಇದೇ ಅದರ ತಿರುಳು.

ಶಾಸನ ಬಂದೊಡನೆ ಎಲ್ಲವೂ ಸರಿಯಾಯಿತೆಂದು ನಾವು ಬರೆದರೆ ಅದು ಸತ್ಯವಾಗದು. ಜಾರಿಯ ನಿಯಮಗಳಿಗಾಗಿ ನೌಕರ ಸಂಘಗಳು ಮತ್ತೆ ಮತ್ತೆ ಬೆನ್ನುಹತ್ತಬೇಕಾಯಿತು. ಖಾಸಗಿ ಕ್ಷೇತ್ರದ ಕೆಲಸಗಾರರಿಗೆ ಕಾರ್ಮಿಕ ಸಂಹಿತೆ ದೊರೆತದ್ದು 1952ರ ಡಿಸೆಂಬರಿನಲ್ಲಿ. ಸಮಾನತೆಯ ಖರ್ಚು ಏರುತ್ತಿದ್ದಂತೆ ಫ್ರಾನ್ಸ್ ಇನ್ನೊಂದು ದಾರಿ ಹಿಡಿಯಿತು. 1956ರ ಜೂನಿನ ಚೌಕಟ್ಟು ಶಾಸನದ ಮೂಲಕ ಸ್ಥಳೀಯ ಸಭೆಗಳಿಗೆ ಅಧಿಕಾರ ಕೊಟ್ಟಿತು. ಅಧಿಕಾರದ ಜೊತೆಗೆ ಸ್ಥಳೀಯ ನೌಕರರ ಸಂಬಳದ ಹೊರೆಯನ್ನೂ ಅವುಗಳ ಹೆಗಲಿಗೆ ದಾಟಿಸಿತು. ಇನ್ನು ಹೊಲದಲ್ಲಿ ನೆಲಗಡಲೆ ಬೆಳೆದು ನಾಡಿನ ಬೊಕ್ಕಸ ತುಂಬಿಸುತ್ತಿದ್ದ ರೈತನಿಗೆ ಸಂಬಳವೂ ಇರಲಿಲ್ಲ, ಪಿಂಚಣಿಯೂ ಇರಲಿಲ್ಲ. ಗೇಯ್ ಅವರ ಶಾಸನ ಅವನ ಗುಡಿಸಲನ್ನು ಮುಟ್ಟಲಿಲ್ಲ.

ಸೋಲು ಮತ್ತು ಸಂಧಾನ

ಈ ಕೊರತೆಯನ್ನು ಮೊದಲು ಗುರುತಿಸಿದವರು ಅವರ ಶಿಷ್ಯರೇ. ಗೇಯ್ ಪಟ್ಟಣಗಳ ನಾಯಕರಾಗಿಯೇ ಉಳಿದಿದ್ದಾರೆಂದು ಭಾವಿಸಿದ ಸೆಂಗೋರ್ 1948ರಲ್ಲಿ ಬೇರೆ ಪಕ್ಷ ಕಟ್ಟಿ ಹಳ್ಳಿಗಳತ್ತ ನಡೆದರು. 1951ರ ಜೂನಿನ ಚುನಾವಣೆಯಲ್ಲಿ ಸೆನೆಗಲ್‌ನ ಎರಡೂ ಸ್ಥಾನಗಳು ಸೆಂಗೋರ್ ಪಕ್ಷದ ಪಾಲಾದವು. ಗೇಯ್ ಸೋತರು. ಅವರ ಸ್ಥಾನಕ್ಕೆ ಬಂದವರು 1946ರ ಮುಷ್ಕರದ ಕಾರ್ಮಿಕ ಮುಖಂಡ ಅಬ್ಬಾಸ್ ಗೇಯ್. ನೌಕರರಿಗೆ ಸಮಾನ ಪಿಂಚಣಿ ತಂದುಕೊಟ್ಟ ಒಂದು ವರ್ಷದೊಳಗೆ, ಆ ನೌಕರರ ಮುಖಂಡರೊಬ್ಬರ ಎದುರಿನಲ್ಲೇ ಅವರು ಸೋಲುಂಡರು.

ಇಂತಹ ಸೋಲು ಅನೇಕರನ್ನು ಕಹಿಯಾಗಿಸುತ್ತದೆ. ಗೇಯ್ ಡಾಕಾರ್‌ನ ಮೇಯರ್ ಸ್ಥಾನದಲ್ಲಿ ತಮ್ಮ ಕೆಲಸ ಮುಂದುವರಿಸಿದರು. 1958ರಲ್ಲಿ ಹಳೆಯ ಗುರು ಮತ್ತು ಶಿಷ್ಯ ತಮ್ಮ ಪಕ್ಷಗಳನ್ನು ಒಂದುಗೂಡಿಸಿದರು. 1960ರಲ್ಲಿ ಸೆನೆಗಲ್ ಸ್ವತಂತ್ರವಾದಾಗ ಸೆಂಗೋರ್ ಅಧ್ಯಕ್ಷರಾದರು, ಗೇಯ್ ರಾಷ್ಟ್ರೀಯ ಸಭೆಯ ಅಧ್ಯಕ್ಷರಾದರು. 1962ರ ಡಿಸೆಂಬರಿನ ರಾಜಕೀಯ ಬಿಕ್ಕಟ್ಟಿನಲ್ಲಿ ಸಭಾಭವನಕ್ಕೆ ಪ್ರವೇಶ ಸಿಗದ ಸದಸ್ಯರು ಸೇರಿ ಮತ ಹಾಕಿದ್ದು ಗೇಯ್ ಅವರ ಮನೆಯಲ್ಲಿ. 1966ರಲ್ಲಿ ತಮ್ಮ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದರು. 1968ರ ಜೂನ್ 10ರಂದು, ಸಭೆಯ ಅಧ್ಯಕ್ಷ ಪದವಿಯಲ್ಲಿರುವಾಗಲೇ, ಡಾಕಾರ್‌ನಲ್ಲಿ ನಿಧನರಾದರು. ಆ ನಗರದ ಒಂದು ಮುಖ್ಯ ಬೀದಿ ಅವರ ಹೆಸರನ್ನು ಹೊತ್ತಿದೆ.

ಬೇಲಿ ಮತ್ತೆ ಎದ್ದಿತು

ಗೇಯ್ ಅವರ ಕಥೆ ಅವರ ಸಾವಿನೊಂದಿಗೆ ಮುಗಿಯುವುದಿಲ್ಲ. ವಸಾಹತುಗಳು ಸ್ವತಂತ್ರವಾಗುವ ಹೊತ್ತಿಗೆ, 1959ರ ಡಿಸೆಂಬರಿನಲ್ಲಿ, ಫ್ರಾನ್ಸ್ ತನ್ನ ಹಣಕಾಸು ಶಾಸನದಲ್ಲಿ ಒಂದು ವಿಧಿಯನ್ನು ಸೇರಿಸಿತು. ಹೊಸ ದೇಶಗಳ ಪ್ರಜೆಗಳಾದ ಹಳೆಯ ಸೈನಿಕರ ಮತ್ತು ನೌಕರರ ಪಿಂಚಣಿಯನ್ನು ಇದ್ದ ಮೊತ್ತಕ್ಕೇ ಹೆಪ್ಪುಗಟ್ಟಿಸುವ ವಿಧಿ ಅದು. ಫ್ರೆಂಚ್ ಪ್ರಜೆಗಳ ಪಿಂಚಣಿ ಬೆಲೆಯೇರಿಕೆಯೊಡನೆ ಏರುತ್ತಾ ಹೋಯಿತು; ಆಫ್ರಿಕದ ಮುದುಕರ ಪಿಂಚಣಿ ನಿಂತಲ್ಲೇ ನಿಂತಿತು. ಸೆನೆಗಲ್‌ನವರ ವಿಷಯದಲ್ಲಿ 1979ರ ಶಾಸನವೊಂದು 1975ರ ಜನವರಿ 1ರಿಂದಲೇ ಪೂರ್ವಾನ್ವಯವಾಗುವಂತೆ ಇದನ್ನು ಜಾರಿಗೊಳಿಸಿತು. ಜನಾಂಗವೆಂಬ ಪದವನ್ನು ಕಾಗದದಲ್ಲಿ ಬರೆಯಲು ಗೇಯ್ ಅವರ ಶಾಸನ ಬಿಡುತ್ತಿರಲಿಲ್ಲ. ಅದರ ಸ್ಥಾನದಲ್ಲಿ ರಾಷ್ಟ್ರೀಯತೆಯೆಂಬ ಪದ ಬಂದು ಕುಳಿತಿತು. ಕಷ್ಟ ಅನುಭವಿಸಿದವರು ಮಾತ್ರ ಅದೇ ಜನ.

ಸೆನೆಗಲ್‌ನ 743 ನಿವೃತ್ತ ಸೈನಿಕರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟರು. 1989ರ ಏಪ್ರಿಲ್ 3ರಂದು ಸಮಿತಿ ತನ್ನ ಅಭಿಪ್ರಾಯ ನೀಡಿತು. ಇದು ಜನಾಂಗದ ಭೇದವೆಂದು ಅದು ಹೇಳಲಿಲ್ಲ. ಆದರೆ ಪಿಂಚಣಿ ದೊರೆಯುವುದು ಸಲ್ಲಿಸಿದ ಸೇವೆಗೇ ಹೊರತು ರಾಷ್ಟ್ರೀಯತೆಗಲ್ಲ, ಆದ್ದರಿಂದ ಈ ಭೇದ ಸಲ್ಲದೆಂದು ತೀರ್ಮಾನಿಸಿತು. 2001ರಲ್ಲಿ ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯವೂ ಇಂತಹುದೇ ತೀರ್ಪಿತ್ತಿತು. 2010ರ ಮೇ 28ರಂದು ಸಂವಿಧಾನ ಮಂಡಲಿಯು ಈ ವಿಧಿಗಳನ್ನು ಅಸಿಂಧುಗೊಳಿಸಿತು. ಆ ವೇಳೆಗೆ ಪಿಂಚಣಿ ಹೆಪ್ಪುಗಟ್ಟಿ ಅರ್ಧ ಶತಮಾನವಾಗಿತ್ತು. ಅದನ್ನು ಪಡೆಯಬೇಕಾದವರಲ್ಲಿ ಬಹುಮಂದಿ ಮಣ್ಣು ಸೇರಿದ್ದರು.

ಲಾಮಿನ್ ಗೇಯ್ ಅವರ ಬದುಕಿನಿಂದ ನಾವು ಕಲಿಯುವುದೇನು? ನ್ಯಾಯವನ್ನು ಶಾಸನದಲ್ಲಿ ಬರೆಯಿಸುವುದು ದೊಡ್ಡ ಕೆಲಸ; ಬರೆದುದನ್ನು ಕಾಯುವುದು ಅದಕ್ಕಿಂತ ದೊಡ್ಡದು. ಒಂದು ಬಾಗಿಲಿನಿಂದ ಹೊರದೂಡಿದ ಭೇದ ಬೇರೊಂದು ಹೆಸರಿಟ್ಟುಕೊಂಡು ಇನ್ನೊಂದು ಬಾಗಿಲಿನಿಂದ ಒಳಬರಬಲ್ಲದು. ಆ ಬಾಗಿಲು ನಮ್ಮ ಮನೆಯದೂ ಆಗಿರಬಹುದು. ನಮ್ಮ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದ ಹೆಂಗಸಿಗೆ, ನಮ್ಮ ತೋಟದಲ್ಲಿ ಬೆನ್ನು ಬಾಗಿದ ಆಳಿಗೆ, ನಮ್ಮ ಸಂಸ್ಥೆಗಳಲ್ಲಿ ತಾತ್ಕಾಲಿಕವೆಂಬ ಹೆಸರಿನಲ್ಲೇ ಮುಪ್ಪಾದ ನೌಕರರಿಗೆ ವೃದ್ಧಾಪ್ಯದಲ್ಲಿ ನಾವು ಕೊಡುವುದೇನು? ಅವರಿಗೆ ಊರಿನಲ್ಲಿ ಬಂಧುಗಳಿದ್ದಾರೆ, ಅವರ ಅಗತ್ಯ ಕಡಿಮೆ ಎಂದು ನಾವೂ ಸಮಾಧಾನ ಹೇಳಿಕೊಳ್ಳುತ್ತಿಲ್ಲವೆ?

ಪ್ರತಿ ನವೆಂಬರಿನಲ್ಲಿ ನಮ್ಮ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂಬ ಪ್ರಮಾಣಪತ್ರವನ್ನು ಬ್ಯಾಂಕಿಗೆ ಸಲ್ಲಿಸುತ್ತಾರೆ. ಅದೇ ತಿಂಗಳು ನಾವು ಅಗಲಿದ ಆತ್ಮಗಳಿಗಾಗಿ ಪ್ರಾರ್ಥಿಸುತ್ತೇವೆ. ದುಡಿದೂ ಪಡೆಯದೆ ಹೋದ ಆಫ್ರಿಕದ ಆ ಹಿರಿಯರನ್ನು ನಮ್ಮ ಪ್ರಾರ್ಥನೆಯಲ್ಲಿ ಸ್ಮರಿಸೋಣ. ನಮ್ಮಲ್ಲಿ ದುಡಿದು ಇನ್ನೂ ಪಡೆಯದವರ ಲೆಕ್ಕವನ್ನು ಅವರು ಬದುಕಿರುವಾಗಲೇ ತೀರಿಸೋಣ.